ಪದಚರ್ಚೆ: ಮೈಯೊಳಗಿನ ಬ್ಯಾಕ್ಟೀರಿಯಾಗಳಿಗೆ ‘ಒಕ್ಕಲು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳೋಣ ಅಂತ ಬರೆಯುತ್ತಿದ್ದೇನೆ. ಅದರ ಹಿಂದೆ ಇನ್ನೂ ಕೆಲವು ಪದಗಳು ಸಾಲು ನಿಂತಿವೆ. ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಬಸವನಗುಡಿಯಲ್ಲಿ ಕ್ಲಿನಿಕ್ ಇಟ್ಟಿರುವ ಸ್ನೇಹಿತೆಯೊಬ್ಬರು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಮಾಡಿಕೊಡಿ ಎಂದಿದ್ದಾರೆ. ರೋಗಿಗಳು ಕಾಯುತ್ತಾ ಕೂರುವ ಜಾಗದಲ್ಲಿ ಇಡುವುದಕ್ಕೆ. ನಮ್ಮ ಮೈಯಲ್ಲಿ ಇರುವ ಸೂಕ್ಷ್ಮಜೀವಿಗಳು ಆರೋಗ್ಯಕ್ಕೆ ಏನು ಮಾಡುತ್ತವೆ, ಯಾವಾಗ ಕಾಯಿಲೆ ತರುತ್ತವೆ ಅನ್ನುವುದು ವಿಷಯ. ಓದುವವರು ಗಾಂಧಿಬಜಾರಿನ ಹೂವಿನವರು, ನಿವೃತ್ತ ಮೇಷ್ಟ್ರು, ಮಗು ಎತ್ತಿಕೊಂಡು ಬಂದ ತಾಯಂದಿರು. ಹಾಗಾಗಿ ಪಠ್ಯಪುಸ್ತಕದ ಕನ್ನಡ ನಡೆಯುವುದಿಲ್ಲ.

ವೈದ್ಯೆಯ ದೂರು ಇದು. ವಯಸ್ಸಾದವರೊಬ್ಬರು ಯಾವುದೋ ಚೆಕಪ್‌ಗೆ ಅಂತ ಯೂರಿನ್ ಕಲ್ಚರ್ ಮಾಡಿಸಿರುತ್ತಾರೆ. ರಿಪೋರ್ಟಿನಲ್ಲಿ ‘ಇ. ಕೋಲೈ’ ಅಂತ ಒಂದು ಬ್ಯಾಕ್ಟೀರಿಯಾದ ಹೆಸರು ಇರುತ್ತದೆ. ಉರಿ ಇಲ್ಲ, ಜ್ವರ ಇಲ್ಲ, ಏನೂ ಇಲ್ಲ. ಇಂಥವರಲ್ಲಿ ಹೆಚ್ಚಿನವರಿಗೆ ಔಷಧಿ ಬೇಕಾಗುವುದಿಲ್ಲ. ಬಸುರಿಯರಿಗೆ, ಮೂತ್ರನಾಳದ ಆಪರೇಷನ್‌ಗೆ ಹೋಗುವವರಿಗೆ ಮಾತ್ರ ಬೇರೆ ಲೆಕ್ಕ. ಆದರೆ ಮನೆಯವರು ಬಿಡುವುದಿಲ್ಲ. ‘ಇನ್‌ಫೆಕ್ಷನ್ ಅಂತ ಬಂದಿದೆಯಲ್ಲ ಮೇಡಂ, ಆಂಟಿಬಯಾಟಿಕ್ ಬರೀರಿ’ ಅಂತ ಕೂತುಬಿಡುತ್ತಾರೆ. ರಿಪೋರ್ಟ್ ಹಾಗೆ ಹೇಳಿಯೇ ಇಲ್ಲ. ಬ್ಯಾಕ್ಟೀರಿಯಾ ಇದೆ ಅಂದಿದೆ, ಅಷ್ಟೆ.

‘ಇದೆ’ ಮತ್ತು ‘ಕಾಯಿಲೆ ತಂದಿದೆ’, ಇವೆರಡನ್ನೂ ಬೇರೆ ಮಾಡಿ ಹೇಳುವ ಪದಗಳು ನಮ್ಮ ದಿನದ ಮಾತಿನಲ್ಲಿ ಕಡಿಮೆ ಅಂತ ನನಗೆ ಅನ್ನಿಸುತ್ತಿದೆ. ರೋಗಾಣು ಅನ್ನುತ್ತೇವೆ, ಹೆಸರಿನಲ್ಲೇ ರೋಗ ಕೂತಿದೆ. ಟಿವಿ ಜಾಹೀರಾತುಗಳಲ್ಲಿ ಹಿಂದಿಯಿಂದ ಇಳಿದು ಬಂದ ಕೀಟಾಣು ಇದೆ, ಅದನ್ನು ಕೊಲ್ಲುವುದಕ್ಕೆಂದೇ ಹುಟ್ಟಿಸಿದ ಹಾಗಿದೆ. ಕ್ರಿಮಿ ಅಂದರೆ ಹೊಟ್ಟೆಯ ಜಂತುಹುಳುವೂ ಆಗಬಹುದು, ಗಿಡಕ್ಕೆ ಬಿದ್ದ ಹುಳವೂ ಆಗಬಹುದು. ಕ್ರಿಮಿನಾಶಕ ಅಂದಾಗ ಬೆಳೆಗೆ ಹೊಡೆಯುವ ಔಷಧಿ ತಾನೇ ಕಣ್ಣಿಗೆ ಬರುವುದು? ಇನ್ನು ಸೋಂಕು. ಹಳಗನ್ನಡದಲ್ಲಿ, ವಚನಗಳಲ್ಲಿ ಅದಕ್ಕೆ ಮುಟ್ಟುವುದು, ತಾಗುವುದು ಅಂತಷ್ಟೇ ಅರ್ಥ. 2020ರ ನಂತರವಂತೂ ‘ಸೋಂಕಿತ’ ಅಂದರೆ ದೂರ ಸರಿದು ನಿಲ್ಲುವ ಹಾಗಾಯಿತು.

ಸೂಕ್ಷ್ಮಜೀವಿ, ಸೂಕ್ಷ್ಮಾಣು ಇವೆಯಲ್ಲ ಅನ್ನುತ್ತೀರಿ. ಇವೆ, ಕೈಪಿಡಿಯಲ್ಲಿ ಸೂಕ್ಷ್ಮಜೀವಿಯನ್ನೇ ಬಳಸುತ್ತಿದ್ದೇನೆ. ಆದರೆ ಅದು ಗಾತ್ರ ಹೇಳುತ್ತದೆ. ಅದಕ್ಕೂ ನಮಗೂ ಏನು ಸಂಬಂಧ ಅಂತ ಹೇಳುವುದಿಲ್ಲ.

ಆ ಸಂಬಂಧವಾದರೋ ಸಣ್ಣದಲ್ಲ. ಸುಮಾರು 70 ಕಿಲೋ ತೂಕದ ಗಂಡಸಿನ ಮೈಯಲ್ಲಿ ಅವನದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೋ ಮತ್ತು ಜೊತೆಗಾರರು ಹಾಕಿದ ಲೆಕ್ಕ ಇದು. ‘ನಮಗಿಂತ ಹತ್ತು ಪಟ್ಟು ಜಾಸ್ತಿ’ ಅನ್ನುವ ಹಳೆಯ ಮಾತು ವಾಟ್ಸಾಪಿನಲ್ಲಿ ಇನ್ನೂ ಓಡಾಡುತ್ತಿದೆ, ಅದನ್ನು ನಂಬಬೇಡಿ. ಇಷ್ಟೆಲ್ಲ ಸೇರಿಸಿದರೂ ತೂಕ 200 ಗ್ರಾಂ ಹತ್ತಿರ ಅಷ್ಟೆ. (ಟ್ರಿಲಿಯನ್‌ಗೆ ‘ಲಕ್ಷ ಕೋಟಿ’ ಬರೆದಿದ್ದೇನೆ. ರಾಜ್ಯದ ಬಜೆಟ್ ಓದಿದ ಹಾಗೆ ಕೇಳುತ್ತದೆ, ಆದರೂ ಓದುವವರಿಗೆ ಅಂದಾಜು ಸಿಗುತ್ತದೆ.)

ಇವುಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ನಾವು ತಿಂದ ರಾಗಿ, ಸೊಪ್ಪು, ಬಾಳೆದಿಂಡಿನ ನಾರು ನಮ್ಮ ಹೊಟ್ಟೆಯಲ್ಲಿ ಕರಗುವುದಿಲ್ಲ. ಅದನ್ನು ಹುದುಗಿಸುವುದು ಈ ಬ್ಯಾಕ್ಟೀರಿಯಾಗಳು. ಹಾಗೆ ಹುದುಗುವಾಗ ಬ್ಯೂಟಿರೇಟ್‌ನಂಥ ಸಣ್ಣ ಕೊಬ್ಬಿನ ಆಮ್ಲಗಳು ಬರುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಬಹುಪಾಲು ಈ ಬ್ಯೂಟಿರೇಟ್‌ನಿಂದಲೇ. ವಿಟಮಿನ್ ಕೆ, ಕೆಲವು ಬಿ ವಿಟಮಿನ್‌ಗಳನ್ನೂ ಇವು ತಯಾರಿಸುತ್ತವೆ. ಹೊರಗಿನಿಂದ ಬಂದ ಜೀವಿಗೆ ಜಾಗವನ್ನೂ ಊಟವನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನಮ್ಮ ರೋಗನಿರೋಧಕ ಶಕ್ತಿಗೆ ಯಾರ ಮೇಲೆ ಏರಿ ಹೋಗಬೇಕು, ಯಾರನ್ನು ಬಿಡಬೇಕು ಅನ್ನುವ ಪಾಠವೂ ಚಿಕ್ಕಂದಿನಲ್ಲಿ ಇವುಗಳ ಜೊತೆ ಇದ್ದೇ ಆಗುವುದು.

ಇಲ್ಲೊಂದು ತೊಡಕು ಬಂತು. ಲ್ಯಾಬಿನಲ್ಲಿ ಒಂದೂ ಸೂಕ್ಷ್ಮಜೀವಿ ತಾಗದ ಹಾಗೆ ಇಲಿಗಳನ್ನು ಸಾಕುತ್ತಾರೆ. ಅವುಗಳ ರೋಗನಿರೋಧಕ ವ್ಯವಸ್ಥೆ ಸರಿಯಾಗಿ ಬೆಳೆಯುವುದಿಲ್ಲ. ಮಾಮೂಲಿ ಇಲಿಗಿಂತ ಜಾಸ್ತಿ ತಿಂದರೂ ಮೈಯಲ್ಲಿ ಕೊಬ್ಬು ಕಡಿಮೆ. ಇವನ್ನು ‘ರೋಗಾಣುಮುಕ್ತ ಇಲಿ’ ಅಂತ ಬರೆದರೆ ಓದುವವರಿಗೆ ಏನನ್ನಿಸುತ್ತದೆ? ಆಹಾ, ಎಷ್ಟು ಆರೋಗ್ಯದ ಇಲಿ ಅಂತ! ಹೇಳಬೇಕಾದ್ದಕ್ಕೆ ಪೂರ್ತಿ ಉಲ್ಟಾ. ಹಾಗಾಗಿ ‘ಸೂಕ್ಷ್ಮಜೀವಿಗಳೇ ಇಲ್ಲದ ಇಲಿ’ ಅಂತ ಉದ್ದಕ್ಕೇ ಬರೆದೆ.

ಈಗ ಮುಖ್ಯ ಪ್ರಶ್ನೆ. ನಮ್ಮ ಮೈಯಲ್ಲಿ ನೆಲೆಯಾಗಿ ಇರುವ ಈ ಜೀವಿಗಳಿಗೆ ‘ಒಕ್ಕಲು’ ಅನ್ನಬಹುದೇ? ಕರುಳಿನ ಒಕ್ಕಲು, ಚರ್ಮದ ಒಕ್ಕಲು, ಬಾಯಿಯ ಒಕ್ಕಲು.

ಈ ಪದ ಹಿಡಿಸಿದ್ದಕ್ಕೆ ಕಾರಣ ಇದೆ. ಒಕ್ಕಲು ಅಂದರೆ ನೆಲೆಸಿರುವುದು, ನೆಲೆಸಿರುವವರು. ಬರೀ ಇರುವವರಲ್ಲ, ದುಡಿಯುವವರು ಕೂಡ. ಒಕ್ಕಲುತನ ಅಂದರೆ ಬೇಸಾಯ ತಾನೇ? ಕರುಳಿನಲ್ಲಿ ನಡೆಯುವುದೂ ಅದೇ. ನಾರು ಇವುಗಳ ಪಾಲಿಗೆ, ಬ್ಯೂಟಿರೇಟ್ ನಮ್ಮ ಪಾಲಿಗೆ. ಗೇಣಿ ಅನ್ನೋಣ ಅಂದರೆ, 1974ರಲ್ಲಿ ನಮ್ಮ ರಾಜ್ಯದಲ್ಲೇ ಉಳುವವನಿಗೆ ಹೊಲ ಅಂತ ಆದಮೇಲೆ ಆ ಮಾತು ಎತ್ತುವುದು ಚೆನ್ನಾಗಿರುವುದಿಲ್ಲ.

ಇದಕ್ಕೆ ಸೇರಿದ ಕ್ರಿಯಾಪದವೂ ರೆಡಿ ಇದೆ: ಒಕ್ಕಲೆಬ್ಬಿಸು. ಪೇಪರಿನಲ್ಲಿ ದಿನಾ ಓದುತ್ತೇವೆ. ಆಂಟಿಬಯಾಟಿಕ್ ಮಾಡುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ. ಒಬ್ಬ ಪುಂಡನನ್ನು ಹಿಡಿಯಲು ಹೋಗಿ ಊರಿಗೆ ಊರನ್ನೇ ಒಕ್ಕಲೆಬ್ಬಿಸುತ್ತದೆ. ಖಾಲಿ ಬಿದ್ದ ಜಾಗದಲ್ಲಿ ಕೆಲವರಿಗೆ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ ಹೆಚ್ಚಿಕೊಳ್ಳುತ್ತದೆ, ವಿಷ ಬಿಡುತ್ತದೆ, ನಿಲ್ಲದ ಭೇದಿ ಶುರುವಾಗುತ್ತದೆ. ಹಾಗಂತ ಬೇಕಾದಾಗ ಆಂಟಿಬಯಾಟಿಕ್ ಬಿಡಬಾರದು, ಅದನ್ನೂ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದೇನೆ.

ಕರಾವಳಿ ಕಡೆ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಅನ್ನುತ್ತಾರಲ್ಲ, ಅದೂ ಇಲ್ಲಿ ಕೆಲಸಕ್ಕೆ ಬಂತು. ಮಗು ಹುಟ್ಟುವಾಗಲೇ ಈ ಒಕ್ಕಲು ಶುರು. ಸಹಜ ಹೆರಿಗೆಯಾದರೆ ಮೊದಲು ಬರುವುದರಲ್ಲಿ ತಾಯಿಯ ಕರುಳಿನ, ಯೋನಿಯ ಬ್ಯಾಕ್ಟೀರಿಯಾಗಳದು ದೊಡ್ಡ ಪಾಲು. ಸಿಸೇರಿಯನ್ ಆದರೆ ಚರ್ಮದವು, ಆಸ್ಪತ್ರೆಯವು ಜಾಸ್ತಿ. ತಿಂಗಳುಗಳು ಕಳೆದ ಹಾಗೆ ಈ ವ್ಯತ್ಯಾಸ ಕಡಿಮೆಯಾಗುತ್ತಾ ಹೋಗುತ್ತದೆ, ತಾಯಂದಿರು ಗಾಬರಿ ಆಗಬೇಕಿಲ್ಲ. ಎದೆಹಾಲಿನಲ್ಲಿ ಮಗುವಿಗೇ ಅರಗದ ಒಂದು ಬಗೆಯ ಸಕ್ಕರೆ ಇದೆ. ಅದು ಯಾರಿಗೆ ಅಂದರೆ ಮಗುವಿನ ಕರುಳಿನ ಬೈಫಿಡೊಬ್ಯಾಕ್ಟೀರಿಯಾಗಳಿಗೆ. ಮೂರು ವರ್ಷದ ಹೊತ್ತಿಗೆ ಮಗುವಿನ ಒಕ್ಕಲು ಹೆಚ್ಚೂಕಡಿಮೆ ದೊಡ್ಡವರದರ ಹಾಗೇ ಆಗುತ್ತದೆ.

ಆದರೆ ಅನುಮಾನವೂ ಇದೆ. ಹಳೇ ಮೈಸೂರು ಕಡೆ ಒಕ್ಕಲು ಅಂದ ಕೂಡಲೇ ಜಾತಿ ಮನಸ್ಸಿಗೆ ಬರುತ್ತದೆಯೇ? ಇನ್ನು ಕೆಲವರಿಗೆ ಮಠದ ಒಕ್ಕಲು, ಮನೆದೇವರ ಒಕ್ಕಲು ನೆನಪಾಗಬಹುದು. ವೈದ್ಯೆಗೆ ಪದ ಇಷ್ಟವಾಯಿತು. ಅವರ ಕ್ಲಿನಿಕ್ಕಿನ ಕಾಂಪೌಂಡರ್ ಮಾತ್ರ, ‘ಸಾರ್, ಬ್ಯಾಕ್ಟೀರಿಯಾನ ಒಕ್ಕಲು ಅಂದ್ರೆ ನಮ್ಮೂರಲ್ಲಿ ಜಗಳ ಆಗುತ್ತೆ’ ಅಂದರು. ತಮಾಷೆಗೆ ಅಂದರೋ ನಿಜವಾಗಿ ಅಂದರೋ ಗೊತ್ತಾಗಲಿಲ್ಲ. ಬೇಡವಾದರೆ ‘ನೆಲೆಸಿದ ಜೀವಿಗಳು’ ಅನ್ನುವುದು ಇದ್ದೇ ಇದೆ. ಸಪ್ಪೆ, ಆದರೆ ಯಾರಿಗೂ ಚುಚ್ಚುವುದಿಲ್ಲ.

‘ಒಳ್ಳೆ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ’ ಅಂತ ಬರೆದು ಮುಗಿಸಿ ಅಂತ ಒಬ್ಬರು ಸಲಹೆ ಕೊಟ್ಟರು. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಇ. ಕೋಲೈ ಕರುಳಿನಲ್ಲಿ ಇರುವಷ್ಟು ದಿನ ಬಹುಮಟ್ಟಿಗೆ ತೊಂದರೆ ಇಲ್ಲದ ಜೀವಿ. ಅದೇ ಮೂತ್ರನಾಳಕ್ಕೆ ಹೋದರೆ ಉರಿಮೂತ್ರಕ್ಕೆ ಅತಿ ಸಾಮಾನ್ಯ ಕಾರಣ. ಚರ್ಮದ ಮೇಲಿನ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಸುಮ್ನೆ ಇರುವಂಥದ್ದು. ರಕ್ತನಾಳದೊಳಗೆ ಹಾಕಿದ ಟ್ಯೂಬಿಗೋ, ಹೃದಯದ ಕೃತಕ ಕವಾಟಕ್ಕೋ ಅಂಟಿಕೊಂಡರೆ ಪ್ರಾಣಕ್ಕೇ ಅಪಾಯ ತರಬಹುದು. ಅದರ ದಾಯಾದಿ ಸ್ಟೆಫಿಲೊಕಾಕಸ್ ಆರಿಯಸ್ ಹತ್ತರಲ್ಲಿ ಮೂವರ ಮೂಗಿನಲ್ಲಿ ಏನೂ ಮಾಡದೆ ಕೂತಿರುತ್ತದೆ, ಗಾಯಕ್ಕೆ ಇಳಿದರೆ ಕೀವು. ಜಾಗ ಬದಲಾದರೆ ಗುಣವೂ ಬೇರೆ. ಇಂಥವಕ್ಕೆ ಪಠ್ಯಪುಸ್ತಕದಲ್ಲಿ ‘ಅವಕಾಶವಾದಿ’ ಅಂತ ಬರೆದದ್ದು ನೋಡಿದ್ದೇನೆ. ನನ್ನ ಓಟು ‘ಸಮಯಸಾಧಕ’ಕ್ಕೆ. ಆ ಪದ ಬಳಸದ ಕನ್ನಡಿಗರು ಯಾರಿದ್ದಾರೆ!

ಕರುಳಿನ ಬ್ಯಾಕ್ಟೀರಿಯಾಗಳಿಗೆ ಇಂಗ್ಲಿಷಿನಲ್ಲಿ ‘ಫ್ಲೋರಾ’ ಅಂತ ಇರುವುದನ್ನು ಕನ್ನಡಕ್ಕೆ ತರುವಾಗ ‘ಕರುಳಿನ ಸಸ್ಯಸಂಕುಲ’ ಮಾಡುವುದು ದಯವಿಟ್ಟು ಬೇಡ. ಹಿಂದೆ ಬ್ಯಾಕ್ಟೀರಿಯಾಗಳನ್ನು ಸಸ್ಯಗಳ ಗುಂಪಿಗೆ ಸೇರಿಸುತ್ತಿದ್ದರು, ಆ ಹೆಸರು ಹಾಗೆ ಉಳಿದುಕೊಂಡಿದೆ. ಅದಕ್ಕೂ ಮುಂಚೆ, 1683ರಲ್ಲಿ, ಮಸೂರ ಮಾಡುತ್ತಿದ್ದ ಡಚ್ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಮೇಲಿನ ಕೊಳೆ ಕೆರೆದು ಮಸೂರದಡಿ ನೋಡಿ ‘ಪುಟ್ಟ ಪ್ರಾಣಿಗಳು’ ಅಂತ ಬರೆದಿದ್ದ.

ಒಂದೇ ಎಲೆಯಲ್ಲಿ ಉಂಡು, ನಮಗೆ ಲಾಭವನ್ನೂ ನಷ್ಟವನ್ನೂ ಮಾಡದ ಜೀವಿಗಳಿಗೆ ‘ಸಹಭೋಜಿ’ ಇದೆ. ಪಂಕ್ತಿ ಸೇರಿಸಿ ಏನಾದರೂ ಮಾಡೋಣ ಅಂದರೆ ನಮ್ಮ ಪಂಕ್ತಿಗಳ ಚರಿತ್ರೆ ಅಷ್ಟು ಚೆನ್ನಾಗಿಲ್ಲ. ಅಚ್ಚಗನ್ನಡದಲ್ಲಿ ‘ಜೊತೆಯುಣ್ಣಿ’ ಅಂತ ಒಂದು ಪದ ಕಟ್ಟಿ ನೋಡಿದೆ. ದನದ ಮೈಗೆ ಕಚ್ಚಿದ ಉಣ್ಣಿಯೇ ಕಣ್ಣಮುಂದೆ ಬಂತು. ಕೈಬಿಟ್ಟೆ.

ಕ್ಲಾಸ್ಟ್ರಿಡಿಯಂ ವಿಷಯಕ್ಕೆ ಮತ್ತೆ ಬರುತ್ತೇನೆ, ಅಲ್ಲಿ ನಿಜವಾದ ಇಕ್ಕಟ್ಟಿದೆ. ಔಷಧಿ ಕೊಟ್ಟರೂ ಮತ್ತೆ ಮತ್ತೆ ಬರುವ ಆ ಭೇದಿಗೆ ಆರೋಗ್ಯವಂತರ ಮಲವನ್ನು ಪರೀಕ್ಷೆ ಮಾಡಿ, ಸೋಸಿ, ರೋಗಿಯ ಕರುಳಿಗೆ ಬಿಡುವ ಚಿಕಿತ್ಸೆ ಇದೆ. 2013ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಪರೀಕ್ಷೆಯಲ್ಲಿ 16 ಜನರಲ್ಲಿ 13 ಮಂದಿಗೆ ಒಂದೇ ಸಲಕ್ಕೆ ವಾಸಿಯಾಯಿತು. ಇನ್ನಿಬ್ಬರಿಗೆ ಎರಡನೇ ಸಲಕ್ಕೆ. ಬರೀ ಆಂಟಿಬಯಾಟಿಕ್ ತೆಗೆದುಕೊಂಡವರಲ್ಲಿ ವಾಸಿಯಾದವರು ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ವ್ಯತ್ಯಾಸ ಇಷ್ಟು ದೊಡ್ಡದಾದ್ದರಿಂದ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಿದರು. ಕಿಡ್ನಿ ಕಸಿ, ಲಿವರ್ ಕಸಿ ಅನ್ನುವ ಹಾಗೆ ಇದಕ್ಕೆ ‘ಮಲ ಕಸಿ’ ಅಂತ ಬರೆದೆ. ವೈದ್ಯೆ ‘ಕರುಳಿನ ಜೀವಿ ಕಸಿ’ ಮಾಡಿ ಅನ್ನುತ್ತಿದ್ದಾರೆ, ಮೊದಲನೆಯದು ಓದಿದರೆ ಜನ ಕೈಪಿಡಿ ಕೆಳಗಿಡುತ್ತಾರಂತೆ. ನನಗೆ ಮುಚ್ಚಿಡುವುದು ಇಷ್ಟವಿಲ್ಲ. ಏನು ಕೊಡುತ್ತಾರೆ ಅಂತ ರೋಗಿಗೆ ಗೊತ್ತಾಗಬೇಡವೇ?

ಕೊನೆಗೆ ಒಂದು ವಿಭಕ್ತಿಯ ಮಾತು. ನನಗೆ ಪದಗಳಿಗಿಂತ ಇದೇ ಜಾಸ್ತಿ ಕಾಡುತ್ತಿದೆ. ಪೇಪರಿನಲ್ಲಿ ‘ಕರುಳಿನ ಬ್ಯಾಕ್ಟೀರಿಯಾದಿಂದ ಖಿನ್ನತೆ’, ‘ಬ್ಯಾಕ್ಟೀರಿಯಾದಿಂದ ಬೊಜ್ಜು’ ಅಂತ ತಲೆಬರಹ ಬರುತ್ತದೆ. ಆ ‘ಇಂದ’ ತೀರ್ಪು ಕೊಟ್ಟುಬಿಡುತ್ತದೆ. ಇಂಥ ಕಾಯಿಲೆ ಇರುವವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಪ್ರಮಾಣ ಬೇರೆಯಾಗಿ ಕಂಡಿದೆ ಅನ್ನುವುದು ನಿಜ. ಅದರಿಂದ ಕಾಯಿಲೆ ಬಂತೋ, ಕಾಯಿಲೆಯಿಂದ ಊಟ ಬದಲಾಗಿ ಅದು ಹಾಗಾಯಿತೋ ಅನ್ನುವುದು ಬೇರೆ ಪ್ರಶ್ನೆ. ದಪ್ಪ ಇಲಿಯ ಕರುಳಿನ ಜೀವಿಗಳನ್ನು ಬೇರೆ ಇಲಿಗೆ ಹಾಕಿದಾಗ ಅದಕ್ಕೂ ಕೊಬ್ಬು ಜಾಸ್ತಿ ಬಂದದ್ದುಂಟು. ಆದರೆ ಇಲಿಯ ಮಾತನ್ನು ಹಾಗೇ ಮನುಷ್ಯರಿಗೆ ಅಂಟಿಸಲು ಬರುವುದಿಲ್ಲ.

‘ಇಂದ’ ಧೈರ್ಯವಾಗಿ ಹಾಕಬಹುದಾದ ಜಾಗವೂ ಇದೆ. ಹೆಲಿಕೊಬ್ಯಾಕ್ಟರ್ ಪೈಲೊರಿ. ಹೊಟ್ಟೆಯ ಹುಣ್ಣು ಟೆನ್ಷನ್‌ನಿಂದ, ಖಾರದಿಂದ ಅಂತ ಎಲ್ಲರೂ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು, ಹೊಟ್ಟೆಯ ಒಳಗೋಡೆ ಊದಿಕೊಂಡಿತು. ಅವರಿಗೂ ಅವರ ಜೊತೆ ಕೆಲಸ ಮಾಡಿದ ರಾಬಿನ್ ವಾರನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಆದರೂ ನೋಡಿ, ಈ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಇರುವವರಲ್ಲಿ ಹೆಚ್ಚಿನವರಿಗೆ ಹುಣ್ಣು ಆಗುವುದೇ ಇಲ್ಲ. ಹಾಗಾಗಿ ‘ಪೈಲೊರಿಯಿಂದ ಹುಣ್ಣು ಬರುತ್ತದೆ’ ಮತ್ತು ‘ಬರಬಹುದು’, ಇವೆರಡರ ನಡುವೆ ಕೈಪಿಡಿಯಲ್ಲಿ ‘ಬರಬಹುದು’ ಆರಿಸಿದೆ. ಉಳಿದ ಕಡೆ ‘ನಂಟು ಕಂಡಿದೆ’ ಅಂತ ಹಾಕಿದ್ದೇನೆ. ಸಂಬಂಧಕ್ಕಿಂತ ನಂಟು ಹಗುರ, ಅಲ್ವಾ?

ಉಳಿದದ್ದು ಚಿಲ್ಲರೆ. ಮೈಕ್ರೊಬಯೋಮ್ (ಮೈಯಲ್ಲಿರುವ ಸೂಕ್ಷ್ಮಜೀವಿಗಳೆಲ್ಲ ಒಟ್ಟಾಗಿ) ಅನ್ನುವುದನ್ನು ಹಾಗೇ ಉಳಿಸಿ ಒಂದು ಸಲ ಬಿಡಿಸಿ ಹೇಳಿದ್ದೇನೆ. ಒಕ್ಕಲಿನ ಹದ ತಪ್ಪುವುದಕ್ಕೆ ‘ಏರುಪೇರು’ ಸಾಕು ಅನ್ನಿಸಿದೆ, ಅಸಮತೋಲನ ಬೇಡ. ಪ್ರೊಬಯಾಟಿಕ್ (ಆರೋಗ್ಯಕ್ಕೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾ), ಪ್ರೀಬಯಾಟಿಕ್ (ಕರುಳಿನ ಬ್ಯಾಕ್ಟೀರಿಯಾಗಳಿಗೆ ಊಟವಾಗುವ ನಾರಿನಂಥದ್ದು) ಎರಡನ್ನೂ ಕನ್ನಡದಲ್ಲಿ ಅಕ್ಕಪಕ್ಕ ಬರೆದರೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಎರಡನೆಯದಕ್ಕೆ ‘ಜೀವಿಗಳ ಮೇವು’ ಮಾಡಿದ್ದೇನೆ. ಈರುಳ್ಳಿ, ಬೆಳ್ಳುಳ್ಳಿ, ಬಾಳೆಹಣ್ಣಿನ ಜೊತೆ ತಂಗಳನ್ನವೂ ಆ ಪಟ್ಟಿಯಲ್ಲಿದೆ. ಅನ್ನ ಆರಿದಾಗ ಅದರ ಪಿಷ್ಟದಲ್ಲಿ ಸ್ವಲ್ಪ ಭಾಗ ಅರಗದ ಹಾಗಾಗಿ ದೊಡ್ಡ ಕರುಳಿನವರೆಗೂ ಹೋಗುತ್ತದೆ. ಮೊದಲನೆಯದಕ್ಕೆ ಪದ ಸಿಕ್ಕಿಲ್ಲ. ‘ಹೆಪ್ಪು’ ಸೇರಿಸೋಣ ಅಂದರೆ, ಮೊಸರಿನ ಬ್ಯಾಕ್ಟೀರಿಯಾಗಳು ಹಾಲಿನಲ್ಲಿ ಕೂರುವ ಹಾಗೆ ನಮ್ಮ ಕರುಳಿನಲ್ಲಿ ನೆಲೆ ಕೂರುವುದಿಲ್ಲ, ಹೆಚ್ಚಿನವು ಹಾದುಹೋಗುತ್ತವೆ. ಹೆಪ್ಪು ಅಂದರೆ ಸುಳ್ಳು ಭರವಸೆ ಕೊಟ್ಟ ಹಾಗಾಗುತ್ತದೆ.

ಕಲಬುರಗಿ, ಧಾರವಾಡ, ಮಂಗಳೂರು, ಮಂಡ್ಯ ಕಡೆಯವರು ‘ಒಕ್ಕಲು’ ಕೇಳಿದ ಕೂಡಲೇ ಮೊದಲು ಏನು ಹೊಳೆಯುತ್ತದೆ ಅಂತ ಒಂದು ಸಾಲು ಬರೆದರೂ ಸಾಕು. ‘ಮಲ ಕಸಿ’ಯ ಬಗ್ಗೆಯೂ ಹೇಳಿ. ಅದೊಂದರಲ್ಲಿ ವೈದ್ಯೆಯ ಜೊತೆ ನನ್ನ ವಾದ ಇನ್ನೂ ಮುಗಿದಿಲ್ಲ, ಪ್ರೆಸ್ಸಿನವರು ಪ್ರೂಫ್ ಕೇಳುತ್ತಿದ್ದಾರೆ.