ಫ್ಲಾಸ್ಕ್ ಜಗ್ಗಿಗೆ ಹಾಲು ಹಾಕಬೇಡ ಪುಟ್ಟಿ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಹೊಸ ಕಾಫಿ ಮೇಕರ್‌ನ ಸ್ಟೀಲ್ ಫ್ಲಾಸ್ಕ್ ಜಗ್ಗಿನಲ್ಲಿ ಬೆಳಿಗ್ಗೆ 6ಕ್ಕೆ ಹಾಲು ಬೆರೆಸಿಟ್ಟ ಕಾಫಿ 11ಕ್ಕೆ ಹುಳಿ ವಾಸನೆ ಬಂತು, ಮಾವನವರು ಅರ್ಧ ಲೋಟ ಕುಡಿದುಬಿಟ್ಟರು, ಮಿಷನ್ ಕೆಟ್ಟಿದೆಯಾ ಅಂತ ಕೇಳಿದ್ದೀಯ. ಮಿಷನ್ ಬಿಡು. ಫ್ಲಾಸ್ಕಿಗೆ ಹಾಲು ಬೆರೆಸಿದ ಕಾಫಿ ಹಾಕಲೇಬಾರದು.

ದೊಡ್ಡಪ್ಪನಿಗೆ ಏನಾಯಿತು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಅತ್ತೆಯವರನ್ನು ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿದ್ದಾಗ ತೀರ್ಥಹಳ್ಳಿಯಿಂದ ಮೊದಲನೇ ಬಸ್ಸಿಗೆ ನಮ್ಮವರೇ ಯಾರೋ ಪ್ರೀತಿಯಿಂದ ಫ್ಲಾಸ್ಕ್ ತುಂಬ ಕಾಫಿ ಕಳಿಸಿದ್ದರು. ಬೆಳಿಗ್ಗೆಯೆಲ್ಲ ಸ್ಕ್ಯಾನಿಂಗು, ರಕ್ತ ಪರೀಕ್ಷೆ ಅಂತ ಓಡಾಟ, ಕುಡಿಯಲು ಪುರುಸೊತ್ತೇ ಸಿಗಲಿಲ್ಲ. ಮಧ್ಯಾಹ್ನ ನಿನ್ನ ದೊಡ್ಡಪ್ಪ ಮುಚ್ಚಳ ತೆಗೆದು, ಇನ್ನೂ ಬೆಚ್ಚಗಿದೆ ಕಣೇ, ಸುಮ್ನೆ ಯಾಕೆ ಚೆಲ್ಲೋದು ಅಂದರು. ನಾನು ಬೇಡ ಅಂದೆ. ಕೇಳಲಿಲ್ಲ. ಸಕ್ಕರೆ ಜಾಸ್ತಿ, ಚಿಕೋರಿ ಜಾಸ್ತಿ, ಹುಳಿ ಗೊತ್ತೇ ಆಗಿಲ್ಲ. ಸಂಜೆ ಶುರುವಾಯಿತು ವಾಂತಿ, ಭೇದಿ. ತಾಯಿ ಕೆಳಗಿನ ವಾರ್ಡಿನಲ್ಲಿ, ಮಗ ಮೇಲಿನ ವಾರ್ಡಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾರೆ, ನಾನೊಬ್ಬಳು ರಾತ್ರಿಯೆಲ್ಲ ಮೆಟ್ಟಿಲು ಹತ್ತಿ ಇಳಿದಿದ್ದೇನೆ.

ಬೆಚ್ಚಗಿದೆ ಅನ್ನುವುದೇ ಮೋಸ, ಅಲ್ವಾ? ಹೆಪ್ಪು ಹಾಕಿದ ಪಾತ್ರೆಯನ್ನು ಬೆಚ್ಚಗೆ ಮುಚ್ಚಿಟ್ಟ ಹಾಗೆಯೇ ಅದು. 60 ಡಿಗ್ರಿಗಿಂತ ಕೆಳಗಿಳಿದ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಫ್ಲಾಸ್ಕ್ ಪೂರ್ತಿ ತಣ್ಣಗಾಗಲೂ ಬಿಡುವುದಿಲ್ಲ. ಕುದಿಸಿದ ಹಾಲಲ್ವಾ ಅಂತ ಧೈರ್ಯ ಮಾಡಬೇಡ, ಕುದಿಸಿದರೂ ಸಾಯದ ಜಾತಿಯವು ಇವೆ. ಇನ್ನೊಂದು ಸಲ ಹೇಳುತ್ತೇನೆ, ಫ್ಲಾಸ್ಕಿಗೆ ಹಾಲಿನ ಕಾಫಿ ಬೇಡವೇ ಬೇಡ.

ಫ್ಲಾಸ್ಕ್ ಅಂದಾಗ ನೆನಪಾಯಿತು. ನನ್ನ ತವರಿನಿಂದ ತಂದ ಒಳ್ಳೇ ಫ್ಲಾಸ್ಕ್ ಒಂದಿತ್ತಲ್ಲ, ಒಳಗೆ ಗಾಜಿನದು, ನಾಮಕರಣಕ್ಕೆ ಅಂತ ಒಬ್ಬರು ತೆಗೆದುಕೊಂಡು ಹೋದರು. ವಾಪಸ್ ಬಂದಾಗ ಅಲ್ಲಾಡಿಸಿದರೆ ಒಳಗೆ ಗಾಜಿನ ಚೂರು ಸದ್ದು. ಒಡೆದುಹೋಯಿತು ಅಂತ ಒಂದು ಮಾತು ಹೇಳಬಹುದಿತ್ತು. ಮುಚ್ಚಳ ಹಾಕಿ ಸುಮ್ನೆ ಕಟ್ಟೆಯ ಮೇಲಿಟ್ಟು ಹೋದರು. ನೋಡದೇ ಯಾರಾದರೂ ಅದರಲ್ಲಿ ಕಾಫಿ ಹಾಕಿ ಮಗುವಿಗೆ ಕೊಟ್ಟಿದ್ದರೆ? ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ನನಗೆ ಇವತ್ತಿಗೂ ಬೇಜಾರಿದೆ.

ಅಯ್ಯೋ, ಮಾವನವರ ವಿಷಯ ಬಿಟ್ಟೇ ಹೋಯಿತು. ಈಗ ಆರಾಮಾಗಿದ್ದರೆ ಏನೂ ಮಾಡಬೇಡ. ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಕೊಡುತ್ತಾ ಇರು, ವಯಸ್ಸಾದವರು, ಡಾಕ್ಟರಿಗೆ ತೋರಿಸಲು ತಡ ಮಾಡಬೇಡ. ಮಿಷನ್ ಏನೂ ಕೆಟ್ಟಿಲ್ಲ. ಜಗ್ಗಿನ ಮುಚ್ಚಳದಲ್ಲಿ ರಬ್ಬರ್ ವಾಷರ್ ಇರುತ್ತದೆ, ಬಿಚ್ಚಲು ಬಂದರೆ ಬಿಚ್ಚಿ ತೊಳೆ, ಹಾಲು ಅಲ್ಲೇ ಕೂತಿರುತ್ತದೆ. ಜಗ್ಗಿಗೆ ಬಿಸಿನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ಬಿಟ್ಟು ತೊಳೆದು, ಮುಚ್ಚಳ ತೆಗೆದೇ ಒಣಗಲು ಇಡು. ನಾಳೆಯಿಂದ ಡಿಕಾಕ್ಷನ್ ಮಾತ್ರ ಜಗ್ಗಿನಲ್ಲಿರಲಿ, ಮೊದಲು ಬಿಸಿನೀರಲ್ಲಿ ಜಗ್ಗು ಗಲಬರಿಸಿಕೋ. ಹಾಲು ಫ್ರಿಜ್ಜಿನಲ್ಲಿಡು, ಕುಡಿಯುವಾಗ ಕಾಯಿಸಿ ಲೋಟಕ್ಕೇ ಬೆರೆಸು. ಆಮೇಲೆ ಮುಚ್ಚಳ ಸರಿಯಾಗಿ ಕೂರಿಸಿಯೇ ಮಿಷನ್ನಿನಡಿ ಇಡು, ಇಲ್ಲದಿದ್ದರೆ ಮೇಲೆ ಡಿಕಾಕ್ಷನ್ ಇಳಿಯುವ ವಾಲ್ವ್ ತೆರೆಯದೆ ಬಿಸಿ ಡಿಕಾಕ್ಷನ್ನೆಲ್ಲ ತುಂಬಿ ಕಟ್ಟೆಯ ಮೇಲೆ ಹರಿಯುತ್ತದೆ. ಮಗು ಅಡುಗೆಮನೆಯಲ್ಲೇ ಆಡುತ್ತಾನಲ್ಲ, ಹುಷಾರು. ಮಾವನವರು ಹೇಗಿದ್ದಾರೆ ಅಂತ ಸಂಜೆ ಫೋನ್ ಮಾಡು.