ರೀಕಂಡೀಷನ್ ಟ್ರ್ಯಾಕ್ಟರ್ ತಗೊಳ್ಳುವ ಮುಂಚೆ ಹೌಸಿಂಗ್ ಆಯಿಲ್ ನೋಡಿ

ಪ್ರಶ್ನೆ (ಹೊಸನಗರದಿಂದ):
ಅಣ್ಣ, ನಮಸ್ಕಾರ. ಶಿವಮೊಗ್ಗದಲ್ಲಿ 2013ರ ಮಾಡೆಲ್, 42 ಎಚ್‌ಪಿ ಟ್ರ್ಯಾಕ್ಟರ್ ಒಂದು ನೋಡಿದ್ದೇವೆ. ಫುಲ್ ರೀಕಂಡೀಷನ್ ಆಗಿದೆ ಅಂತಾರೆ. ಪೇಂಟ್, ಟೈರ್ ಚೆನ್ನಾಗಿವೆ. ಮೀಟರ್ 2,800 ಗಂಟೆ ತೋರಿಸುತ್ತಿದೆ. ನಮಗೆ ಗದ್ದೆ ಹೂಟಿ, ತೋಟಕ್ಕೆ ಗೊಬ್ಬರ ಹೊಡೆಯೋದು, ಇಷ್ಟೇ ಕೆಲಸ. ತಗೋಬಹುದಾ?

ಉತ್ತರ (ಟ್ರ್ಯಾಕ್ಟರ್ ಮೆಕ್ಯಾನಿಕ್, ಶಿವಮೊಗ್ಗ):
ತಗೋಬಹುದು, ಆದರೆ ಪೇಂಟ್ ಮತ್ತು ಮೀಟರ್ ನಂಬಬೇಡಿ. ಮೀಟರ್ ಬದಲಾಯಿಸೋದು ಸುಲಭ. ಕ್ಲಚ್, ಬ್ರೇಕ್ ಪೆಡಲ್ ಎಷ್ಟು ಸವೆದಿವೆ ನೋಡಿ, ಗಾಡಿ ಎಷ್ಟು ದುಡಿದಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಏನೇನು ಕೆಲಸ ಆಗಿದೆ ಅಂತ ಬಿಡಿಸಿ ಕೇಳಿ. ಬರೀ ಪಿಸ್ಟನ್ ರಿಂಗ್ ಹಾಕಿದ್ದಾರಾ, ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ), ಪಿಸ್ಟನ್ ಎರಡೂ ಬದಲಿಸಿದ್ದಾರಾ, ಡೀಸೆಲ್ ಪಂಪ್ ಕೆಲಸ ಆಗಿದೆಯಾ? ಸಾಮಾನಿನ ಬಿಲ್ ತೋರಿಸಲಿ. ಬಿಲ್ ಇಲ್ಲ ಅಂದರೆ ಮಾಮೂಲಿ ಹಳೇ ಗಾಡಿ ಅಂತಲೇ ರೇಟು ಮಾತಾಡಿ.

ಬೆಳಿಗ್ಗೆ ಹೇಳದೆ ಹೋಗಿ, ಮೊದಲು ಇಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ. ತಣ್ಣಗಿದ್ದಾಗಲೇ ಸ್ಟಾರ್ಟ್ ಆಗಬೇಕು. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸಬುಸ ಅಂತ ಹೊಗೆ ಬಂದರೆ ಬ್ಯಾಕ್ ಕಂಪ್ರೆಷನ್ ಇದೆ, ಅಂದರೆ ರಿಂಗ್ ಸವೆದು ಸಿಲಿಂಡರ್ ಗಾಳಿ ಕೆಳಗೆ ನುಗ್ಗುತ್ತಿದೆ.

ಎಲ್ಲರೂ ಇಂಜಿನ್ ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ. ನಮ್ಮ ಮಲೆನಾಡಿನಲ್ಲಿ ಗಾಡಿ ಹಾಳಾಗೋದು ಹಿಂದಿನಿಂದ. ಕೇಜ್ ವೀಲ್ (ಕೆಸರು ಗದ್ದೆಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಆಕ್ಸಲ್ ಮುಳುಗುವಷ್ಟು ಕೆಸರಲ್ಲಿ ಓಡಿಸುತ್ತೇವೆ ಅಲ್ವಾ? ಆಯಿಲ್ ಸೀಲ್ ಸ್ವಲ್ಪ ಸವೆದಿದ್ದರೂ ಕೆಸರು ನೀರು ಹೌಸಿಂಗ್ ಒಳಗೆ, ಅಂದರೆ ಹಿಂದಿನ ಗೇರ್, ಆಕ್ಸಲ್ ಇರುವ ಪೆಟ್ಟಿಗೆಯೊಳಗೆ ಹೋಗುತ್ತದೆ. ಸುಮಾರು ಮಾಡೆಲ್‌ಗಳಲ್ಲಿ ಗೇರ್, ಹೈಡ್ರಾಲಿಕ್ (ಹಿಂದಿನ ಸಲಕರಣೆ ಎತ್ತುವ ಲಿಫ್ಟ್) ಎರಡಕ್ಕೂ ಒಂದೇ ಆಯಿಲ್. ಅದು ಕೆಟ್ಟರೆ ಬೇರಿಂಗ್, ಲಿಫ್ಟ್ ಪಂಪ್ ಎಲ್ಲದಕ್ಕೂ ಪೆಟ್ಟು.

ಗಾಡಿ ರಾತ್ರಿಯಿಡೀ ನಿಂತಿರಬೇಕು. ಮಾರುವವರನ್ನು ಕೇಳಿಕೊಂಡು, ಹೌಸಿಂಗ್ ಅಡಿಯ ಡ್ರೇನ್ ಬೋಲ್ಟನ್ನು ನಿಧಾನ ಸಡಿಲ ಮಾಡಿ. ಪೂರ್ತಿ ತೆಗೆಯಬೇಡಿ. ನೀರು ಆಯಿಲ್‌ಗಿಂತ ಭಾರ, ತಳದಲ್ಲಿ ನಿಂತಿರುತ್ತದೆ. ಮೊದಲು ನೀರಿನ ಹನಿ ಬಂದು ಆಮೇಲೆ ಆಯಿಲ್ ಬಂದರೆ ಸೀಲ್ ಹೋಗಿದೆ. ಆಯಿಲ್ ಹಾಲು ಕಾಫಿ ಬಣ್ಣಕ್ಕೆ ತಿರುಗಿದ್ದರೂ ಅದೇ ಲೆಕ್ಕ.

ಮುಂದಿನ ಚಕ್ರ ಜಾಕ್ ಕೊಟ್ಟು ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲೂಸ್ ಇದ್ದರೆ ಹಬ್ ಬೇರಿಂಗ್ ಬಿಚ್ಚಿ ನೋಡಬೇಕು. ರೋಟವೇಟರ್ ಎತ್ತಿ ಇಂಜಿನ್ ಆಫ್ ಮಾಡಿ, ಹತ್ತಿರ ಯಾರೂ ನಿಲ್ಲಬೇಡಿ. ಬೇಗ ಇಳಿದರೆ ಲಿಫ್ಟ್ ಒಳಗೆ ಲೀಕ್ ಇದೆ.

ಪ್ರಶ್ನೆ (ಅವರೇ):
ಇಂಜಿನ್ ಚೆನ್ನಾಗಿದ್ದು ಹೌಸಿಂಗಲ್ಲಿ ನೀರು ಸಿಕ್ಕರೆ?

ಉತ್ತರ:
ಓಡಿಸುವಾಗ ಹೌಸಿಂಗಿಂದ ಸದ್ದು ಇಲ್ಲದಿದ್ದರೆ ಸೀಲ್ ಬದಲಿಸಿ, ಆಯಿಲ್ ಹಾಕಿ ಸ್ವಲ್ಪ ಓಡಿಸಿ, ಮತ್ತೊಮ್ಮೆ ಆಯಿಲ್ ಚೇಂಜ್ ಮಾಡಿದರೆ ಬದುಕುತ್ತದೆ. ಆ ಖರ್ಚನ್ನು ರೇಟಲ್ಲಿ ಹಿಡಿಯಿರಿ. ಗುಂಯ್ ಅಂತ ಸದ್ದು ಬರುತ್ತಿದ್ದರೆ ಬಿಟ್ಟುಬಿಡಿ. ನಾನಾದರೆ ಇಂಜಿನ್ ದಣಿದಿದ್ದು ಹೌಸಿಂಗ್ ಚೊಕ್ಕಟವಾಗಿರುವ ಗಾಡಿಯನ್ನೇ ಆರಿಸುತ್ತೇನೆ. ಇಂಜಿನ್ ಖರ್ಚು ಮೊದಲೇ ಲೆಕ್ಕ ಹಾಕಬಹುದು. ಹೌಸಿಂಗ್ ಖರ್ಚು ಬಿಚ್ಚಿದ ಮೇಲೇ ಗೊತ್ತಾಗೋದು.

ಪ್ರಶ್ನೆ (ಸಾಗರದಿಂದ):
ಕಾಗದಪತ್ರದ ಬಗ್ಗೆಯೂ ಹೇಳಿ ಸಾರ್.

ಉತ್ತರ:
ಆರ್‌ಸಿಯಲ್ಲಿರುವ ಇಂಜಿನ್, ಚಾಸಿ ನಂಬರನ್ನು ಗಾಡಿ ಮೇಲಿನ ನಂಬರಿಗೆ ನೀವೇ ತಾಳೆ ನೋಡಿ. ಆರ್‌ಸಿಯಲ್ಲಿ ಸಾಲ ನಮೂದಾಗಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಅರ್ಜಿ) ಇಲ್ಲದೆ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಕೊಡಿ. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಹೊಸನಗರದವರೇ, 2013ರಲ್ಲಿ ನೋಂದಣಿ ಆಗಿದ್ದರೆ ನಿಮ್ಮದು 2028ಕ್ಕೆ ರಿನ್ಯೂವಲ್‌ಗೆ ಬರುತ್ತದೆ.

ಪ್ರಶ್ನೆ (ತೀರ್ಥಹಳ್ಳಿಯಿಂದ):
ನಾಟಿ ಮುಗಿದ ಮೇಲೆ ನಮ್ಮ ಗಾಡಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ ನಿಂತಿರುತ್ತದೆ. ಹೋದ ವರ್ಷ ಕ್ಲಚ್ ಬಿಡಲೇ ಇಲ್ಲ, ಗೇರ್ ಬೀಳಲಿಲ್ಲ. ಯಾಕೆ?

ಉತ್ತರ:
ಮಳೆಗಾಲದ ತೇವಕ್ಕೆ ಫ್ಲೈವೀಲ್ ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಅಂಟಿಕೊಳ್ಳುತ್ತದೆ. ಆಗುಂಬೆ ಕಡೆ ಇದು ಜಾಸ್ತಿ. ನಿಲ್ಲಿಸುವಾಗ ಪೆಡಲ್ ಪೂರ್ತಿ ಒತ್ತಿ, ಲಾಕ್ ಇದ್ದರೆ ಲಾಕ್ ಹಾಕಿ, ಇಲ್ಲದಿದ್ದರೆ ಮರದ ತುಂಡು ಕೊಟ್ಟು ಒತ್ತಿಯೇ ಇಡಿ. ಕ್ಲಚ್ ಒತ್ತಿದಾಗ ಗೇರ್ ಗಾಡಿ ಹಿಡಿಯುವುದಿಲ್ಲ, ಹಾಗಾಗಿ ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಡೀಸೆಲ್ ಟ್ಯಾಂಕ್ ತುಂಬಿಸಿಡಿ, ಖಾಲಿ ಟ್ಯಾಂಕಲ್ಲಿ ಬೆವರು ಹನಿ ಕಟ್ಟಿ ನೀರು ಸೇರುತ್ತದೆ. ಬ್ಯಾಟರಿ ವೈರ್ ಬಿಚ್ಚಿಡಿ. ಕೆಸರು ಕೆಲಸ ಮುಗಿದ ಸಂಜೆಯೇ ತೊಳೆದು, ಪ್ರತಿ ನಿಪ್ಪಲ್‌ಗೂ (ಗ್ರೀಸ್ ಹೊಡೆಯುವ ಮೂತಿ) ಹಳೇ ಗ್ರೀಸ್ ಹೊರಗೆ ಬರುವವರೆಗೆ ಹೊಸ ಗ್ರೀಸ್ ಹೊಡೆಯಿರಿ.

ಹೊಸನಗರದವರಿಗೆ ಇನ್ನೊಂದು: ಇಂಜಿನ್ ನಿಜವಾಗಿ ಹೊಸದಾಗಿ ಕಟ್ಟಿದ್ದರೆ ಮೊದಲ 50 ಗಂಟೆಗೆ ಆಯಿಲ್, ಫಿಲ್ಟರ್ ಬದಲಿಸಿ, ಅಲ್ಲಿವರೆಗೆ ಓವರ್‌ಲೋಡ್ ಬೇಡ. ಆಮೇಲೆ ಸಾಮಾನ್ಯವಾಗಿ 250 ಗಂಟೆಗೊಮ್ಮೆ. ಡ್ರೇನ್ ಬೋಲ್ಟಲ್ಲಿ ಏನು ಬಂತು ಅಂತ ಫೋಟೊ ಹಾಕಿ, ನೋಡಿ ಹೇಳುತ್ತೇನೆ.