ರೋಹಿತವೋ ವರ್ಣಪಟಲವೋ? ಗೆರೆಗೆ ‘ಎಳೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕೊಪ್ಪಳದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪುಸ್ತಕ ಇಂಗ್ಲಿಷಿನದು, ಮಕ್ಕಳು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು. ಹಾಗಾಗಿ ಬೋರ್ಡಿನ ಮೇಲೆ ಕನ್ನಡ ಪದವನ್ನೂ ಬರೆಯುತ್ತೇನೆ. ಸ್ಪೆಕ್ಟ್ರಮ್‌ಗೆ, ಅಂದರೆ ಬೆಳಕನ್ನು ಬಿಡಿಸಿದಾಗ ಸಿಗುವ ಹರವಿಗೆ, ಇಷ್ಟು ದಿನ ‘ವರ್ಣಪಟಲ’ ಎಂದೇ ಬರೆದೆ. ಮೊನ್ನೆ ಒಬ್ಬ ಹುಡುಗಿ ಕೇಳಿದಳು: “ಸರ, ಎಕ್ಸ್-ರೇಗೆ ಬಣ್ಣಾನ ಇಲ್ಲಲ್ರೀ, ಅದು ವರ್ಣಪಟಲದಾಗ ಹೆಂಗ ಬಂತು?”

ಸರಿಯಾದ ಪ್ರಶ್ನೆ. ರೇಡಿಯೋ ಅಲೆಯಿಂದ ಗಾಮಾ ಕಿರಣದವರೆಗಿನ ಹರವಿನಲ್ಲಿ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್ ಮಾತ್ರ. ಹೈಡ್ರೋಜನ್ನನ್ನೇ ನೋಡಿ. ಅದು ಸೂಸುವ ಬೆಳಕನ್ನು ಬಿಡಿಸಿದರೆ ಬಿಡಿಬಿಡಿ ಗೆರೆಗಳು ಸಿಗುತ್ತವೆ. 1885ರಲ್ಲಿ ಸ್ವಿಟ್ಜರ್ಲೆಂಡಿನ ಗಣಿತದ ಮೇಷ್ಟ್ರು ಬಾಮರ್ ಈ ಗೆರೆಗಳಿಗೆ ಸೂತ್ರ ಕಟ್ಟಿದ್ದು ಕಾಣುವ ನಾಲ್ಕು ಗೆರೆಗಳನ್ನು ಹಿಡಿದು: 656.3, 486.1, 434.0, 410.2 ನ್ಯಾನೋಮೀಟರ್. ಅದೇ ಹೈಡ್ರೋಜನ್ನಿನ ಗೆರೆಗಳಲ್ಲಿ ಲೈಮನ್ ಸಾಲು ಪೂರ್ತಿ ಅತಿನೇರಳೆಯಲ್ಲಿದೆ, ಪಾಶ್ಚನ್ ಸಾಲು ಅವಕೆಂಪಿನಲ್ಲಿದೆ. ಅವಕ್ಕೆ ಯಾವ ವರ್ಣ?

ಸ್ಪೆಕ್ಟ್ರಮ್‌ಗೆ ಇರುವ ಇನ್ನೊಂದು ಪದ ‘ರೋಹಿತ’. ರೋಹಿತ ಅಂದರೆ ಕೆಂಪು ಅಂತಷ್ಟೇ ನನಗೆ ಗೊತ್ತಿತ್ತು. ಅಮರಕೋಶ ತೆಗೆದು ನೋಡಿದೆ. ಇಂದ್ರನ ಬಿಲ್ಲು ಬಾಗದೆ ನೆಟ್ಟಗಿದ್ದರೆ ಅದು ರೋಹಿತವಂತೆ! ಪಟ್ಟಕ (ಪ್ರಿಸಮ್) ಹಾಯ್ದ ಬೆಳಕು ಪರದೆಯ ಮೇಲೆ ಬೀಳುವುದು ಹಾಗೇ ಅಲ್ವಾ? ಈ ಪದ ಆರಿಸಿದವರಿಗೆ ಕೈಮುಗಿಯಬೇಕು ಅನ್ನಿಸಿತು. ಇದೂ ಬಣ್ಣದಿಂದಲೇ ಹುಟ್ಟಿದ ಪದ, ನಿಜ. ಆದರೆ ಇವತ್ತು ಕೇಳುವವರ ಕಿವಿಗೆ ‘ವರ್ಣ’ ಅಂತ ನೇರವಾಗಿ ಬೀಳುವುದಿಲ್ಲ. ಅದಕ್ಕೇ ಎಕ್ಸ್-ರೇವರೆಗೂ ಎಳೆದುಕೊಂಡು ಹೋಗಬಹುದು. ಈಗ ರೋಹಿತ ಎಂದೇ ಬರೆಯುತ್ತಿದ್ದೇನೆ.

ನನ್ನ ನಿಜವಾದ ಪ್ರಶ್ನೆ ಗೆರೆಯದು. ಹೈಡ್ರೋಜನ್ ನಳಿಗೆಗೆ ಕರೆಂಟ್ ಕೊಟ್ಟು ಬೆಳಕನ್ನು ಬಿಡಿಸುವ ಗ್ರೇಟಿಂಗ್ ಮೂಲಕ ತೋರಿಸಿದಾಗ ಇಲ್ಲೇ ಪಕ್ಕದ ಭಾಗ್ಯನಗರದ ಹುಡುಗ, ಮನೆಯಲ್ಲಿ ಮಗ್ಗ ಇರುವವನು, “ಕರೀ ಸೀರಿಯೊಳಗ ಬಣ್ಣದ ಎಳಿ ಹಾಕಿದಂಗ ಐತ್ರಿ” ಅಂದ. ಅವತ್ತಿನಿಂದ ಆ ‘ಎಳೆ’ ತಲೆಯಿಂದ ಹೋಗಿಲ್ಲ. ಪುಸ್ತಕಗಳಲ್ಲಿ ‘ರೋಹಿತ ರೇಖೆ’ ಎಂದಿದೆ. ರೇಖೆಗೆ ಗಣಿತದಲ್ಲಿ ದಪ್ಪವಿಲ್ಲ. ಇಲ್ಲಿ ಕಾಣುವುದು ಬೆಳಕು ಒಳಬಂದ ಸೀಳಿನದೇ ಬಿಂಬ, ಅದಕ್ಕೆ ದಪ್ಪವೂ ಉಂಟು, ಬಣ್ಣವೂ ಉಂಟು. ಎಳೆಗೂ ಅಷ್ಟೇ. ಸೋಡಿಯಂನ ಹಳದಿ ಗೆರೆ ಹತ್ತಿರದಿಂದ ನೋಡಿದರೆ ಎರಡು, 589.0 ಮತ್ತು 589.6 ನ್ಯಾನೋಮೀಟರ್. ಎರಡೆಳೆ ಸರ ಅಂತೀವಲ್ಲ, ಹಾಗೆ ಅದನ್ನು ‘ಎರಡೆಳೆ’ ಅಂದರೆ ವಿವರಣೆಯೇ ಬೇಡ. ಸೂರ್ಯನ ಬೆಳಕಿನಲ್ಲಿ ಜರ್ಮನಿಯ ವಿಜ್ಞಾನಿ ಫ್ರೌನ್‌ಹೋಫರ್ ಗುರುತಿಸಿದ ಕಪ್ಪು ಗೆರೆಗಳು ಎಳೆ ತಪ್ಪಿದ ಜಾಗಗಳು.

ತೊಡಕು ಒಂದೇ. ‘ಗೆರೆ ಎಳೆ’ ಅನ್ನುವಾಗ ಎಳೆ ಕ್ರಿಯಾಪದ. ಮಕ್ಕಳಿಗೆ ಗೊಂದಲ ಆಗಬಹುದೇ? ಈ ಅರ್ಥದಲ್ಲಿ ‘ಎಳೆ’ಯನ್ನು ಯಾರಾದರೂ ಮೊದಲೇ ಬಳಸಿದ್ದೀರಾ? ರಾಯಚೂರು, ಬಳ್ಳಾರಿ ಕಡೆಯ ನೇಕಾರರು ಬಟ್ಟೆಯಲ್ಲಿ ಒಂಟಿಯಾಗಿ ಕಾಣುವ ಬಣ್ಣದ ದಾರಕ್ಕೆ ಬೇರೆ ಹೆಸರು ಹೇಳುತ್ತಿದ್ದರೆ ಅದನ್ನೂ ತಿಳಿಸಿ.